ಹದಿನಾಲ್ಕು ಮನೆಯ ನೀರು

ಕೊಷ್‌ತೆರೆಕ್ ಹಳ್ಳಿಯಲ್ಲಿ ಬುರುಲ್‌ಳ ಹೆಸರೆತ್ತಿದರೆ ಇವತ್ತಿಗೂ ಗಂಡಸರು ಥೂ ಅಂತ ಉಗಿಯುತ್ತಾರೆ. ಹೆಂಗಸರು ಉಗಿಯುವುದಿಲ್ಲ, ಮಾತು ಬದಲಿಸುತ್ತಾರೆ. ಎರಡರಲ್ಲಿ ಯಾವುದು ಹೆಚ್ಚು ಹೊಲಸು ಅಂತ ಹೇಳುವುದು ಕಷ್ಟ.

ಅವಳೇನು ಓದಿದವಳಲ್ಲ, ಯಾವ ಪಕ್ಷದವಳೂ ಅಲ್ಲ. ಹಾಲು ಕರೆದು ಬದುಕಿದವಳು. ಅವಳಿಗೆ ಇಪ್ಪತ್ತೊಂಬತ್ತಾದಾಗ ಗಂಡ ಸತ್ತ, ಆ ಬೇಸಿಗೆಯಲ್ಲೇ ಅವಳ ಹೊಲಕ್ಕೆ ನೀರು ನಿಂತಿತು. ಊರ ಕಟ್ಟಳೆ ಅಂಥದ್ದು. ವಸಂತದಲ್ಲಿ ಊರೆಲ್ಲ ಸೇರಿ ಕಾಲುವೆಯ ಹೂಳೆತ್ತಬೇಕು. ಯಾವ ಮನೆಯಿಂದ ಒಬ್ಬ ಗಂಡಸು ಗುದ್ದಲಿ ಹಿಡಿದು ಬಂದನೋ ಆ ಮನೆಗೆ ನೀರಿನ ಸರದಿ. ಹೆಂಗಸಿನ ಕೈಯ ಗುದ್ದಲಿ ಗುದ್ದಲಿಯೇ ಅಲ್ಲ! ಕೆಳಕೇರಿಯಲ್ಲಿ ಗಂಡಸಿಲ್ಲದ ಮನೆಗಳು ಹದಿನಾಲ್ಕು. ಗಂಡಂದಿರಲ್ಲಿ ಕೆಲವರು ಮಣ್ಣಿನಡಿ, ಉಳಿದವರು ಕೂಲಿಗೆ ಹೋಗಿ ರಷ್ಯಾದ ಕಟ್ಟಡಗಳ ಮೇಲೆ. ಬುರುಲ್‌ಳ ಒಬ್ಬಳೇ ಮಗಳು ಕುಂದುಜ್ ಮದುವೆಯಾಗಿ ಹೋದದ್ದೂ ಆ ಹದಿನಾಲ್ಕರಲ್ಲೇ ಒಂದು ಮನೆಗೆ.

ಹತ್ತೊಂಬತ್ತು ವರ್ಷ ಅವಳು ಈ ನೀರಿನ ಬೆನ್ನು ಬಿಡಲಿಲ್ಲ. ಪಂಚಾಯಿತಿ ಬಾಗಿಲು, ಜಿಲ್ಲಾ ಕಚೇರಿ ಬಾಗಿಲು, ಎಲ್ಲ ತಟ್ಟಿದಳು. ಅಧಿಕಾರಿಗಳು ಚಹಾ ಕೊಟ್ಟು, "ಅದು ನಿಮ್ಮೂರ ಪದ್ಧತಿ, ಹಿರಿಯರನ್ನ ಕೇಳಿ" ಅಂದರು. ಹಿರಿಯರು ಕ್ಯಾರೇ ಅನ್ನಲಿಲ್ಲ. ಕಿಟಕಿಗೆ ಕಲ್ಲು ಬಿತ್ತು. ನಾಯಿಗೆ ಯಾರೋ ವಿಷ ಹಾಕಿದರು. ಮೈದುನನೇ ಬೀದಿಯಲ್ಲಿ ನಿಂತು, "ಗಂಡನ್ನ ನುಂಗಿದ್ದು ಸಾಲದು ಅಂತ ಊರನ್ನ ನುಂಗೋಕೆ ಹೊರಟಿದಾಳೆ" ಅಂತ ಕೂಗಿದ. ಬುರುಲ್ ಅವನ ಮುಖ ನೋಡಿ, "ನಿನ್ನನ್ನಂತೂ ನುಂಗಲ್ಲ ಬಿಡು, ನಾಲಿಗೆಗೆ ಕಹಿ" ಅಂದಳು. ಅಂಥ ಬಾಯಿ ಅವಳದು.

ಆಮೇಲಿನ ವಸಂತದಲ್ಲಿ ಅವಳು ಯಾರನ್ನೂ ಕೇಳಲಿಲ್ಲ. ಹದಿಮೂರು ಹೆಂಗಸರನ್ನು ಕಟ್ಟಿಕೊಂಡು ಗುದ್ದಲಿ ಹೊತ್ತು ಕಾಲುವೆಗೆ ಹೋದಳು. ಬೇಡವೆಂದರೂ ಕೇಳದೆ ಐದು ತಿಂಗಳ ಬಸುರಿ ಕುಂದುಜ್ ಕೂಡ ಬುತ್ತಿ ಹೊತ್ತು ಬಂದಳು.

ನೀರುಗಂಟಿ ಜೂಮಾರ್ಟ್ ದಡದ ಮೇಲೆ ನಿಂತು, ಅಕ್ಕಾ ಅನ್ನುವ 'ಎಜೆ'ಯನ್ನು ಎಳೆದೆಳೆದು ಹಲ್ಲುಕಿರಿದ. "ಏನ್ ಬುರುಲ್ ಎಜೆ, ಮೆರವಣಿಗೆ ಹೊರಟ್ರಾ? ಡೋಲು ಮರ್ತು ಬಂದ್ರಲ್ಲ!"

"ಹೊಡಿಯೋಕೆ ನಿನ್ನ ಹೊಟ್ಟೆ ಇದೆಯಲ್ಲಪ್ಪ" ಅಂದು ಅವಳು ಕಾಲುವೆಗಿಳಿದಳು.

ಗಂಡಸರು ಅವರಿಗೆ ಜಾಗ ಬಿಡಲಿಲ್ಲ. ಯಾರೂ ಮುಟ್ಟದ, ಸತ್ತ ಕುರಿ ಕೊಳೆತು ನಾರುತ್ತಿದ್ದ ಕಾಲುವೆಯ ಕೊನೆಯ ತುಂಡು ಇವರ ಪಾಲಿಗೆ ಬಂತು. ಮೂಗಿಗೆ ಬಟ್ಟೆ ಕಟ್ಟಿಕೊಂಡು ಮಧ್ಯಾಹ್ನದೊಳಗೆ ಅದನ್ನೂ ಬಳಿದೆಸೆದರು. ಊಟದ ಹೊತ್ತಿಗೆ ಎಲ್ಲರ ಬುತ್ತಿಯೂ ಒಂದೇ ಹಾಸಿನ ಮೇಲೆ ಬೀಳಬೇಕು, ಅದೂ ಕಟ್ಟಳೆಯೇ. ಗಂಡಸರು ತಂದದ್ದು ಒಣ ರೊಟ್ಟಿ. ಹೆಂಗಸರು ತಂದದ್ದು ಕುರಿಮಾಂಸ, ಎಣ್ಣೆಯಲ್ಲಿ ಕರಿದ ಹಿಟ್ಟಿನ ಬೋರ್ಸೋಕ್, ಬೆಣ್ಣೆ. ಹಸಿದ ಹೊಟ್ಟೆಗೆ ಮಾನವೆಲ್ಲಿ? ಬೈಯುತ್ತಲೇ ಬೆರಳು ನೆಕ್ಕಿದರು.

ಊರ ಹಿರಿಯ ಅಸಾಂಕುಲ್‌ಗೆ ಎಂಬತ್ತು ದಾಟಿತ್ತು. ಉಂಡ ಮೇಲೆ ಉಣಿಸಿದವರಿಗೆ ಬಾತಾ ಕೊಡುವುದು, ಅಂದರೆ ಅಂಗೈ ಬಿಚ್ಚಿ ಹರಸುವುದು, ಅವನಿಗೆ ಉಸಿರಾಡಿದಷ್ಟೇ ಸಹಜ. ಯೋಚಿಸದೆ ಕೈಯೆತ್ತಿದ. "ಉಣಿಸಿದ ಕೈ ಬತ್ತದಿರಲಿ. ಉಣಿಸಿದವರ ಹೊಲಕ್ಕೆ ನೀರು ತುಂಬಿ ಹರೀಲಿ. ಓಮಿಯಿನ್!" ಅರವತ್ತು ಗಂಡಸರು "ಓಮಿಯಿನ್", ಹಾಗೇ ಆಗಲಿ, ಅಂತ ಮುಖ ಸವರಿಕೊಂಡರು.

ಬುರುಲ್ ಎದ್ದು ಮುದುಕನ ಕಡೆ ತಿರುಗಿದಳು. "ಉಣಿಸಿದ್ದು ನಾವು, ಅಬಾ. ನೀವು ಹರಸಿದ್ರಿ, ಊರೆಲ್ಲ ಮುಖ ಸವರ್ಕೊಂಡ್ತು. ಜೂಮಾರ್ಟ್, ನಮ್ಮ ಹದಿನಾಲ್ಕು ಮನೆ ಸರದಿ ಯಾವತ್ತಿಂದ, ಹೇಳು."

ಕೊಟ್ಟ ಬಾತಾ ಹಿಂದಕ್ಕೆ ಪಡೆದವರನ್ನು ಆ ಕಣಿವೆ ಕಂಡಿಲ್ಲ. ಅಸಾಂಕುಲ್‌ಗೆ ಉಳಿದದ್ದು ಒಂದೇ ದಾರಿ, ಪಡೆದವರೇ ಬೇಡ ಅನ್ನಬೇಕು. ಅವನು ಎರಡೂ ಕೈಯನ್ನು ಮತ್ತೆ ಎತ್ತಿದ. ಈ ಸಲ ಅಂಗೈ ಹೊರಗೆ, ಕೈಯ ಬೆನ್ನು ತನ್ನ ಕಡೆಗೆ. ಗಂಡಸರೂ ಒಂದು ಹೆಜ್ಜೆ ಹಿಂದೆ ಸರಿದರು. ಕೈ ತಿರುಗಿಸಿ ಕೊಟ್ಟ ಬಾತಾ ಶಾಪ. ಅದು ಬಿದ್ದವರನ್ನು ಹಿಡಿಯುತ್ತದೆ, ಅವರು ಮುಟ್ಟಿದವರನ್ನೂ ಹಿಡಿಯುತ್ತದೆ.

"ಆ ಬಾತಾ ನಮ್ದಲ್ಲ ಅನ್ನು" ಅಂದ ಮುದುಕ. "ಅಂದ್ಬಿಟ್ರೆ ಕೈ ಇಳಿಸ್ತೀನಿ. ಮನೇಲಿ ಬಸುರಿ ಇದಾಳೆ, ನೆನಪಿರಲಿ."

ಬುರುಲ್ ನಂಬದವಳೇನಲ್ಲ. ಹುಟ್ಟಿದಾಗಿಂದ ನಂಬಿದವಳೇ. ಹಿಂದೆ ತಿರುಗಿ ಮಗಳನ್ನು ನೋಡಿದಳು, ಆಮೇಲೆ ಗುದ್ದಲಿ ಹಿಡಿದು ನಿಂತ ಉಳಿದವರನ್ನು. ಒಬ್ಬಳಾದರೂ ಬಾಯಿಬಿಡಬೇಡವೇ? ಊಹೂಂ. ಕಣ್ಣು ನೆಲಕ್ಕೆ.

"ನಮ್ಮನೇಲಿ ಬಸುರಿ ಇಲ್ಲ, ಅವಳು ಬೇರೆ ಮನೆಯವಳು" ಅಂದಳು ಬುರುಲ್. "ನನ್ನೊಬ್ಬಳ ಹೆಸರು ಹೇಳಿ ಶಪಿಸಿ, ಅಬಾ. ನೀರು ಮಾತ್ರ ಬಿಡ್ಬೇಕು."

ಮುದುಕ ಶಪಿಸಿದ. ಹೆಸರು ಹಿಡಿದೇ ಶಪಿಸಿದ.

ನೀರು ಬಂತು. ಕೊಟ್ಟ ಬಾತಾಗೆ ತಪ್ಪಿದರೆ ತನಗೇ ಕೇಡೆಂದು ಜೂಮಾರ್ಟ್ ಹಲ್ಲು ಕಡಿದುಕೊಂಡೇ ಬಿಟ್ಟ. ಹದಿನಾಲ್ಕು ಹೊಲಗಳಲ್ಲಿ ಆಲೂಗಡ್ಡೆ ಹೂಬಿಟ್ಟಿತು. ಮತ್ತೆ ಆ ಹದಿಮೂರು ಮಹಾತಾಯಂದಿರು? ಬುರುಲ್ ಎದುರಾದರೆ ಮಗುವಿನ ಮುಖಕ್ಕೆ ತಲೆಬಟ್ಟೆಯ ಅಂಚು ಹಾಕಿ ದಾಟಿದರು. ಯಾರ ಹಬ್ಬಕ್ಕೂ ಕರೆಯಿಲ್ಲ. ಜೂಮಾರ್ಟ್ ಸರದಿ ಮುರಿದ ದಿನ ಮಾತ್ರ ಬೇಲಿಯಾಚೆಯಿಂದಲೇ, "ಎಜೆ, ಬೇಗ ಬನ್ನಿ!" ಅಂತ ಕೂಗುತ್ತಿದ್ದರು. ಅವಳು ಹೋಗಿ ಜಗಳವಾಡಿ ನೀರು ತಿರುಗಿಸಿ ಬರುತ್ತಿದ್ದಳು.

ಆಗಸ್ಟಿನಲ್ಲಿ ಕುಂದುಜ್ ಹೆತ್ತಳು. ಬುರುಲ್ ಒಂದು ಗಡಿಗೆ ಬೆಣ್ಣೆ, ತಾನೇ ಹೊಲಿದ ಪುಟ್ಟ ಅಂಗಿ ತೆಗೆದುಕೊಂಡು ಹೋದಳು. ಒಳಗೆ ಕೂಸು ಅಳುತ್ತಿತ್ತು. ಮಗಳು ಹೊಸ್ತಿಲಿಗೆ ಬಂದು ಎರಡೂ ಕೈಯಿಂದ ಬಾಗಿಲ ಚೌಕಟ್ಟು ಹಿಡಿದು ನಿಂತಳು.

"ಅಮ್ಮಾ, ಒಳಗ್ ಬರ್ಬೇಡ."

"ದೂರದಿಂದ್ಲೇ ನೋಡ್ತೀನಿ ಕಣೇ."

"ಬೇಡಮ್ಮ. ನಿನ್ಮೇಲೆ ಕೋಪ ಇಲ್ಲ. ಮಗು ಇದೆ, ಅದಕ್ಕೆ."

ಬುರುಲ್ ಗಡಿಗೆಯನ್ನು ಅಂಗಳದ ಗೋಡೆಯ ಮೇಲಿಟ್ಟಳು. ಅಂಗಿ ಕೈಯಲ್ಲೇ ಉಳಿಯಿತು.

"ಗಂಡೋ ಹೆಣ್ಣೋ?"

"ಹೆಣ್ಣು."

"ನೀರು ಸರಿಯಾಗಿ ಬಿಡ್ತಿದಾನಾ?"

"ಬಿಡ್ತಿದಾನಮ್ಮ."

"ಬಿಡ್ದಿದ್ರೆ ಕೂಗು" ಅಂದು ಬುರುಲ್ ಮನೆಗೆ ಹೊರಟಳು.