ಕಂಬ ಸರಿದಿರಲಿಲ್ಲ

ನಾನು ಚಿಕ್ಕವಳಿದ್ದಾಗ ಒಬ್ಬ ಮನುಷ್ಯನ ಹೆಸರು ಕೆಡಿಸಿದ್ದೇನೆ. ಬೇಕೆಂದು ಮಾಡಿದ್ದಲ್ಲ. ಆದರೂ ಮಾಡಿದವಳು ನಾನೇ. ಮೊಮ್ಮಕ್ಕಳೇ, ಹೋದ ಭಾನುವಾರ ನಮ್ಮ ಮನೆಗೆ ಬಂದ ಮುದುಕರು ಚಹಾ ಕುಡಿಯುತ್ತ ನಿಮಗೊಂದು ಕಥೆ ಹೇಳಿದರಲ್ಲ, ಆಂಟಾಪ್ ಹಿಲ್ ಮೈದಾನದಲ್ಲಿ ಗೋಲಿನ ಕಂಬ ತಾನಾಗಿಯೇ ಸರಿದು ಗೋಲ್‌ಕೀಪರ್ ಸೋತ ಕಥೆ, ಆ ಗೋಲ್‌ಕೀಪರೇ ಈ ಮನುಷ್ಯ. ಕಥೆ ಕೇಳಿ ನೀವು ಹೆದರಿದಿರಿ. ಚಿಕ್ಕವನು ಮಲಗುವಾಗ ದೀಪ ಆರಿಸಲು ಬಿಡಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ನಾನು ಓದಿದ್ದು ಮುನಿಸಿಪಾಲಿಟಿಯ ಕನ್ನಡ ಶಾಲೆಯಲ್ಲಿ ನಾಲ್ಕನೆಯ ಇಯತ್ತೆಯ ತನಕ. ಅಕ್ಷರ ತಪ್ಪಿದ್ದರೆ ನಿಮ್ಮಮ್ಮ ತಿದ್ದಲಿ. ಸಂಗತಿ ತಿದ್ದುವುದು ಬೇಡ.

ಆಗ ನಾವು ಆಂಟಾಪ್ ಹಿಲ್‌ನ ಒಂದು ಚಾಳಿನಲ್ಲಿದ್ದೆವು. ಅಪ್ಪ, ಅವ್ವ, ಅಕ್ಕ, ನಾನು, ನಾಲ್ವರಿಗೂ ಒಂದೇ ಖೋಲಿ. ಚಾಳಿನ ಮುಂದೆ ನಲ್ಲಿ, ನಲ್ಲಿಯ ಮುಂದೆ ಮೈದಾನ, ಮೈದಾನದ ಆಚೆ ಉಪ್ಪಿನ ಗದ್ದೆಗಳು. ಗಾಳಿ ಬೀಸಿದರೆ ತುಟಿ ಉಪ್ಪಾಗುತ್ತಿತ್ತು. ಒಣಗಲು ಹಾಕಿದ ಸೀರೆ ಸಂಜೆಗೆ ಹಪ್ಪಳದ ಹಾಗೆ ಬಿರುಸಾಗುತ್ತಿತ್ತು. ಚಾಳಿನಲ್ಲಿ ಬೆಳಗಾವಿ, ಧಾರವಾಡದ ಕಡೆಯವರೇ ಹೆಚ್ಚು. ಗಂಡಸರಿಗೆ ವಾರವೆಲ್ಲ ಬಂದರಿನಲ್ಲೋ ಕಾರ್ಖಾನೆಯಲ್ಲೋ ದುಡಿತ, ಭಾನುವಾರ ಫುಟ್‌ಬಾಲ್. ನಮ್ಮದು ಕೆಂಪು ಅಂಗಿಯ ಕ್ಲಬ್. ಅಪ್ಪ ಗುಡಿಗೆ ಹೋದದ್ದನ್ನು ನಾನು ಕಂಡಿಲ್ಲ. ಮ್ಯಾಚಿಗೆ ಹೋಗದೆ ಉಳಿದದ್ದನ್ನೂ ಕಂಡಿಲ್ಲ.

ಆ ಕ್ಲಬ್ಬಿನ ಗೋಲ್‌ಕೀಪರ್ ನಮ್ಮ ಚಾಳಿನ ಕೊನೆಯ ಖೋಲಿಯ ಕಾಕಾ. ರಕ್ತಸಂಬಂಧವೇನಿಲ್ಲ, ಅಪ್ಪನ ವಯಸ್ಸಿನವರೆಲ್ಲ ನಮಗೆ ಕಾಕಾ. ಬೆಳಗಾವಿಯವನು, ಬಂದರಿನಲ್ಲಿ ಮೂಟೆ ಹೊರುತ್ತಿದ್ದ. ಎತ್ತರದ ಆಳು, ಮೊರದಂಥ ಕೈ. ಮ್ಯಾಚಿನ ದಿನ, ಕ್ಲಬ್ಬಿನ ಉಣ್ಣೆಯಲ್ಲಿ ಅವನ ಹೆಂಡತಿ ಕಾಕೂ ಹೆಣೆದುಕೊಟ್ಟ ಹಸಿರು ಸ್ವೆಟರ್ ಹಾಕಿಕೊಂಡು ನಿಂತರೆ ಗೋಲೇ ಸಣ್ಣದಾಗಿ ಕಾಣುತ್ತಿತ್ತು. ಅವನ ಕೈ ತಪ್ಪಿ ಚೆಂಡು ಒಳಗೆ ಹೋದದ್ದನ್ನು ನಾನು ನೋಡಿರಲೇ ಇಲ್ಲ. ಎದುರಿನವರು ಚೆಂಡು ಹೊಡೆದುಕೊಂಡು ಬಂದರೆ ನಮ್ಮವರು ಚಪ್ಪಾಳೆ ತಟ್ಟುತ್ತ ಹಿಂದಿಯಲ್ಲಿ ಕೂಗುತ್ತಿದ್ದರು, "ದರವಾಜಾ ಬಂದ್ ಹೈ, ಕಲ್ ಆನಾ." ಬಾಗಿಲು ಮುಚ್ಚಿದೆ, ನಾಳೆ ಬನ್ನಿ ಅಂತ. ಹಾಗೆ ಕೂಗಿಸಿಕೊಂಡ ಆಟಗಾರರ ಕಾಲು ನಿಜವಾಗಿಯೂ ತಡವರಿಸುತ್ತಿತ್ತು.

ಅವನ ಗುಟ್ಟು ನನಗೊಬ್ಬಳಿಗೆ ಗೊತ್ತಿತ್ತು. ನೀರಿನ ಪಾಳಿ ಹಿಡಿಯಲು ನಾನು ಬೆಳಕು ಹರಿಯುವ ಮೊದಲೇ ಕೊಡ ಇಟ್ಟುಕೊಂಡು ನಲ್ಲಿಯ ಬಳಿ ಕೂರುತ್ತಿದ್ದೆ. ಮ್ಯಾಚಿನ ದಿನ ಆ ಹೊತ್ತಿಗೆ ಕಾಕಾ ಕಬ್ಬಿಣದ ಸಲಾಕೆ ಹಿಡಿದು ಮೈದಾನಕ್ಕೆ ಹೋಗುತ್ತಿದ್ದ. ಒಂದು ಕಂಬದಿಂದ ಇನ್ನೊಂದು ಕಂಬಕ್ಕೆ ಹೆಜ್ಜೆ ಹಾಕುತ್ತಿದ್ದ. ಎಂಟು. ಮತ್ತೆ ನಾಲ್ಕು ಹಿಂದೆ ಬಂದು, ನಟ್ಟನಡುವೆ ನಿಂತು, ಸಲಾಕೆಯಿಂದ ಮುಂದಕ್ಕೆ ಒಂದು ಆಳುದ್ದದ ಗೆರೆ ಎಳೆಯುತ್ತಿದ್ದ. ಹಾಫ್ ಟೈಮ್ ಆದಮೇಲೆ ಗೋಲು ಬದಲಾಗುತ್ತದಲ್ಲ, ಅದಕ್ಕೆ ಆ ಕಡೆಯ ಗೋಲಿಗೂ ಹೋಗಿ ಹಾಗೆಯೇ ಒಂದು ಗೆರೆ. ಒಂದು ದಿನ ಹತ್ತಿರ ಹೋಗಿ ಯಾಕೆಂದು ಕೇಳಿದೆ.

"ಗೋಲ್ ನನ್ನ ಬೆನ್ನ ಹಿಂದ ಇರತೈತಿ. ಬೆನ್ನಿಗೆ ಕಣ್ಣಿಲ್ಲಲ್ಲವ್ವ. ಕೆಳಗ ಈ ಗೆರಿ ನೋಡಿದ್ರ ಯಾವ ಕಂಬ ಎಷ್ಟು ದೂರ ಐತಿ ಗೊತ್ತಾಗತೈತಿ," ಅಂದ. ಆಟದ ಹೊತ್ತಿನಲ್ಲಿ ಎಳೆದರೆ ಎದುರಿನವರು ಕಂಡು ಅಳಿಸುತ್ತಾರಂತೆ. ಯಾರಿಗೂ ಹೇಳಬೇಡ, ತುಳಿಯಬೇಡ ಅಂದ. ನಾನು ಹೇಳಲಿಲ್ಲ. ಅಕ್ಕನಿಗೂ ಹೇಳಲಿಲ್ಲ.

ಆ ವರ್ಷ ಮಳೆ ನಿಂತ ಮೇಲೆ ಕಪ್ಪಿನ ಫೈನಲ್ ನಮ್ಮ ಮೈದಾನದಲ್ಲೇ ಬಂತು. ಎದುರಾಳಿ ಚೆಂಬೂರಿನ ಹಳದಿ ಅಂಗಿಯವರು, ಒಂದು ಕಂಪನಿಯ ಟೀಮು. ಮೊದಲ ಅರ್ಧದಲ್ಲಿ ಯಾರೂ ಗೋಲು ಹೊಡೆಯಲಿಲ್ಲ. ಹಾಫ್ ಟೈಮಿಗೆ ಆಟಗಾರರೂ ಜನರೂ ಚಾಳಿನ ಕಡೆಯ ನೆರಳಿಗೆ ಶರಬತ್ತು ಕುಡಿಯಲು ಹೋದರು. ಉಪ್ಪಿನ ಗದ್ದೆಯ ಕಡೆಯ ಗೋಲು ಖಾಲಿ ಬಿತ್ತು. ಅದರ ಮುಂದೆ ಹುಲ್ಲಿರಲಿಲ್ಲ. ಕಲ್ಲು ಆರಿಸಿ, ನೀರು ಚಿಮುಕಿಸಿ, ಬಡಿದು ಸಮ ಮಾಡಿದ ಮಣ್ಣು, ಹದವಾದ ಹಸಿ. ಇಡೀ ಆಂಟಾಪ್ ಹಿಲ್‌ನಲ್ಲಿ ಕುಂಟೆಬಿಲ್ಲೆಗೆ ಅಂಥ ಜಾಗ ಇನ್ನೊಂದಿಲ್ಲ. ಅಕ್ಕ ಹೆಂಚಿನ ಚೂರಿನಿಂದ ಮನೆಗಳನ್ನು ಬರೆದಳು. ಕಾಕಾನ ಗೆರೆಯನ್ನೇ ನಡುಗೆರೆ ಮಾಡಿಕೊಂಡಳು. ಅದು ಏನೆಂದು ಅವಳಿಗೇನು ಗೊತ್ತು. ನನಗೆ ಗೊತ್ತಿತ್ತು. ಆದರೆ ಆಡುವ ಆಸೆ. ತುಳಿಯದೆ ಆಡಿದರಾಯಿತು ಅಂದುಕೊಂಡೆ.

ಸೀಟಿ ಊದಿದರು. ಅಕ್ಕ, "ಲಗೂನ ಅಳಿಸು, ಬೈತಾರ," ಅಂದು ಓಡಿದಳು. ನಾನು ಎರಡೂ ಕಾಲಿನಿಂದ ಗಸಗಸ ಉಜ್ಜಿದೆ. ಎಲ್ಲ ಮನೆಗಳೂ ಹೋದವು. ಮಣ್ಣು ತಟ್ಟೆಯ ಹಾಗೆ ನುಣ್ಣಗಾಯಿತು. ಆಮೇಲೆ ನೋಡುತ್ತೇನೆ, ಕಾಕಾನ ಗೆರೆಯೂ ಇಲ್ಲ.

ಮೈದಾನದ ನಡುವಿನಿಂದ ಕಾಕಾ ನಡೆದು ಬರುತ್ತಿದ್ದ. ಓಡಿಹೋಗಿ ಹೇಳಬಹುದಿತ್ತು. ಅವನು ಹೆಜ್ಜೆ ಅಳೆದು ಇನ್ನೊಂದು ಎಳೆದುಕೊಳ್ಳುತ್ತಿದ್ದ, ಅಷ್ಟೇ. ನಾನು ಹೇಳಲಿಲ್ಲ. ನಂಬಿ ಹೇಳಿದ್ದನ್ನು ಕೆಡಿಸಿದೆನಲ್ಲ ಎಂದು ನಾಚಿಕೆ. ಹಿಮ್ಮಡಿ ಊರಿ, ಎರಡೂ ಕಂಬ ನೋಡಿ, ನಡು ಇದೇ ಇರಬೇಕು ಅನ್ನಿಸಿದಲ್ಲಿ ನಾನೇ ಒಂದು ಗೆರೆ ಎಳೆದೆ. ಹೆಜ್ಜೆ ಅಳೆಯಲಿಲ್ಲ. ಗೆರೆ ಮಾತ್ರ ನೆಟ್ಟಗೆ ಬಂತು, ಥೇಟ್ ಅವನದರ ಹಾಗೆ. ಸುಳ್ಳು ಯಾಕೆ ಹೇಳಲಿ, ಖುಷಿಯೇ ಆಯಿತು. ಓಡಿಹೋಗಿ ಬಲೆಯ ಹಿಂದೆ ಕೂತೆ. ಕಾಕಾ ಬಂದ, ಗೆರೆ ನೋಡಿದ, ಅದರ ಪಕ್ಕ ಕಾಲಿಟ್ಟು ನಿಂತ. ನನ್ನನ್ನು ಕಂಡು ತಲೆ ಆಡಿಸಿದ.

ಆಟ ಮುಗಿಯಲು ಸ್ವಲ್ಪವೇ ಹೊತ್ತಿತ್ತು. ಹಳದಿ ಅಂಗಿಯವನೊಬ್ಬ ದೂರದಿಂದ ಹೊಡೆದ. ಜೋರಾದ ಹೊಡೆತವೂ ಅಲ್ಲ. ನಮ್ಮವರು ಆಗಲೇ ಕಲ್ ಆನಾ ಶುರು ಮಾಡಿದ್ದರು. ಕಾಕಾ ಒಮ್ಮೆ ಕೆಳಗೆ ನೋಡಿದ. ಎರಡೂ ಕೈ ಮೇಲೆತ್ತಿದ. ಚೆಂಡು ಹೊರಗೆ ಹೋಗುತ್ತಿದೆ, ಬಿಡಿ ಅನ್ನುವ ಹಾಗೆ. ಹಾರಲಿಲ್ಲ, ಬಗ್ಗಲಿಲ್ಲ. ಚೆಂಡು ಅವನ ಪಕ್ಕದಲ್ಲಿ ಹಾಯ್ದು, ಕಂಬಕ್ಕೆ ಗೇಣು ಉಳಿಸಿ ಒಳಗೆ ಬಂತು. ಆ ಬಲೆ ಮೀನುಗಾರರಿಂದ ತಂದ ಹಳೆಯದು. ಉಬ್ಬಿ ನನ್ನ ಮುಖಕ್ಕೇ ಬಂದಾಗ ಒಣಮೀನು ನಾರಿತು. ಕಾಕಾ ಕೈ ಎತ್ತಿಕೊಂಡೇ ತಿರುಗಿದ. ತುಟಿಯ ಮೇಲೆ ನಗು ಇನ್ನೂ ಇತ್ತು. ಬಲೆಯಲ್ಲಿ ಚೆಂಡು ನೋಡಿದ ಮೇಲೂ ಅದು ತಕ್ಷಣ ಹೋಗಲಿಲ್ಲ. ಆ ಮುಖ ಇವತ್ತಿಗೂ ನನ್ನ ಕಣ್ಣ ಮುಂದೆ ಬರುತ್ತದೆ. ಪಾತ್ರೆ ತೊಳೆಯುವಾಗ ಬರುತ್ತದೆ, ಲೋಕಲ್‌ನಲ್ಲಿ ನಿಂತಾಗ ಬರುತ್ತದೆ.

ದೂರದಲ್ಲಿ ಗೂಡ್ಸ್ ಗಾಡಿ ಹೋಗುವ ಸದ್ದು ಕೇಳಿಸಿತು. ಕಾಕಾ ಕಂಬದ ಹತ್ತಿರ ಹೋಗಿ ಎರಡೂ ಕೈಯಿಂದ ನೂಕಿ ನೋಡಿದ. "ಕಂಬ ಸರದೈತಿ," ಅಂದ. ಯಾರಿಗೂ ಹೇಳಿದ್ದಲ್ಲ. ಆದರೆ ಎಲ್ಲರಿಗೂ ಕೇಳಿಸಿತು.

ಕಪ್ ಹೋಯಿತು. ಅಪ್ಪ ಅವತ್ತು ಊಟ ಮಾಡಲಿಲ್ಲ. ಅವನ ರೊಟ್ಟಿ ತಟ್ಟೆಯಲ್ಲೇ ಒಣಗಿತು. ಮರುದಿನ ಚಾಳಿನಲ್ಲಿ ಮಾತು ಹಬ್ಬಿತು, ಕಾಕಾ ಬೇಕಂತಲೇ ಬಿಟ್ಟನಂತೆ, ಹಳದಿ ಅಂಗಿಯವರು ಕಂಪನಿಯಲ್ಲಿ ನೌಕರಿ ಕೊಡಿಸುತ್ತೇವೆ ಅಂದಿದ್ದರಂತೆ. ಹುಡುಗರು ಅವನ ಖೋಲಿಯ ಮುಂದೆ ನಿಂತು, "ದರವಾಜಾ ಖುಲಾ ಹೈ," ಅಂತ ಕೂಗಿದರು. ಬಾಗಿಲು ತೆರೆದಿದೆ ಅಂತ. ನಾನೂ ಕೂಗಿದೆ. ಸುಮ್ಮನಿದ್ದರೆ ಯಾಕೆಂದು ಕೇಳುತ್ತಿದ್ದರು. ಕಾಕೂ ಎಲ್ಲರೂ ನೀರು ತುಂಬಿಕೊಂಡು ಹೋದ ಮೇಲೆ ಒಬ್ಬಳೇ ನಲ್ಲಿಗೆ ಬರತೊಡಗಿದಳು.

ಕಾಕಾ ಮಾತ್ರ ದಿನಾ ಬೆಳಗ್ಗೆ ಮೈದಾನಕ್ಕೆ ಹೋಗುತ್ತಿದ್ದ. ಕೈಯಲ್ಲಿ ಸಲಾಕೆ ಇಲ್ಲ. ಒಂದು ಕಂಬದಿಂದ ಇನ್ನೊಂದಕ್ಕೆ ಎಂಟು ಹೆಜ್ಜೆ. ನಿಲ್ಲುತ್ತಿದ್ದ. ತಿರುಗಿ ಮತ್ತೆ ಎಂಟು. ಕಂಬಕ್ಕೆ ಕಿವಿ ಹಚ್ಚುತ್ತಿದ್ದ. ಮತ್ತೆ ಎಂಟು. ನಾನು ಅದನ್ನೇ ನೋಡುತ್ತ ಕೂರುತ್ತಿದ್ದೆ, ಕೊಡ ತುಂಬಿ ಚೆಲ್ಲಿ ಪಾದ ತೊಯ್ದರೂ ತಿಳಿಯುತ್ತಿರಲಿಲ್ಲ.

ಭಾನುವಾರ ಕ್ಲಬ್ಬಿನ ಸಭೆ ಕರೆದು ಅವನ ಹೆಸರು ತೆಗೆಯುತ್ತಾರೆ, ಸ್ವೆಟರ್ ಇಸಿದುಕೊಳ್ಳುತ್ತಾರೆ ಅಂತ ಅಪ್ಪ ಅವ್ವನಿಗೆ ಹೇಳುವುದು ಕೇಳಿತು. ಶನಿವಾರ ಬೆಳಗ್ಗೆ ಕೊಡ ಬಿಟ್ಟು ಅವನ ಹತ್ತಿರ ಹೋದೆ.

"ಕಾಕಾ, ಕಂಬ ಸರದಿಲ್ಲ. ಗೆರಿ ನಾ ಎಳದಿದ್ದೆ."

ಅವನು ತಿರುಗಲಿಲ್ಲ. ಉಳಿದ ಹೆಜ್ಜೆ ಮುಗಿಸಿ, ಕಂಬ ಮುಟ್ಟಿ, ಆಮೇಲೆ ಬಂದ. ಹೇಗೆ ಎಳೆದೆ ತೋರಿಸು ಅಂದ. ಹಿಮ್ಮಡಿಯಿಂದ ಎಳೆದು ತೋರಿಸಿದೆ. ಅದರ ಮೇಲೆ ನಿಂತು ಎಡಕ್ಕೆ ನೋಡಿದ, ಬಲಕ್ಕೆ ನೋಡಿದ. ಒಂದು ಹೆಜ್ಜೆ ವ್ಯತ್ಯಾಸ. ಹಾಗೇ ಮಣ್ಣಿನಲ್ಲಿ ಕೂತುಬಿಟ್ಟ. ನಾನು ಸಂಜೆ ಅಪ್ಪನಿಗೆ ಹೇಳಿಬಿಡುತ್ತೇನೆ ಅಂದೆ.

"ಹೇಳಬ್ಯಾಡ," ಅಂದ. "ಕಂಬ ಸರೀತಂದ್ರ ಮಂದಿ ಹೆದರತಾರ. ಹುಡುಗ್ಯಾರ ಕುಂಟೆಬಿಲ್ಲೆಗೆ ಸೋತಾಂದ್ರ ನಗತಾರ. ಹೆದರಿದ ಮಂದಿ ಒಂದಿನ ಸುಮ್ಮನಾಗತಾರವ್ವ. ನಕ್ಕ ಮಂದಿ ಸುಮ್ಮನಾಗೂದಿಲ್ಲ." ಎದ್ದು ನನ್ನ ಗೆರೆಯನ್ನು ಕಾಲಿನಿಂದ ಉಜ್ಜಿದ. "ಗೆರಿ ನೀ ಎಳದಿ. ಅಳೀಲಾರದ ನಂಬಿದಾಂವ ನಾ."

ಸಭೆ ಚಾಳಿನ ಅಂಗಳದಲ್ಲಿ ನಡೆಯಿತು. ನಾನು ಅಪ್ಪನ ಹಿಂದೆ, ಅವನ ಅಂಗಿಯ ತುದಿ ಹಿಡಿದು ನಿಂತಿದ್ದೆ. ಯಾಕೆ ಬಿಟ್ಟೆ ಅಂತ ಕೇಳಿದರು. ಕಂಬ ಸರಿದಿತ್ತು ಅಂದ. ಯಾರೋ ನಕ್ಕರು. ಅಪ್ಪನೇ ಮತ್ತೊಮ್ಮೆ ಕೇಳಿದ. ಮತ್ತೆ ಅದೇ ಅಂದ. ಹೇಳುವಾಗ ಒಮ್ಮೆ ನನ್ನ ಕಡೆ ನೋಡಿದ. ನಿಜ ನನ್ನ ನಾಲಿಗೆಯ ಮೇಲಿತ್ತು, ಬಾಯಿ ತೆರೆಯಲಿಲ್ಲ. ಅವನು ಬೇಡ ಅಂದಿದ್ದ ಅನ್ನುವುದು ಒಂದು. ಅಪ್ಪ ಹೊಡೆಯುತ್ತಾನೆ ಅನ್ನುವುದು ಇನ್ನೊಂದು. ಎರಡನೆಯದೇ ಹೆಚ್ಚಿತ್ತು. ಕಾಕಾ ಸ್ವೆಟರ್ ಮಡಿಚಿ ಬೆಂಚಿನ ಮೇಲಿಟ್ಟು ಹೋದ. ಅದನ್ನು ಎತ್ತಿಕೊಂಡವನು ಅಪ್ಪ.

ಮತ್ತೆ ಅವನು ಗೋಲಿನಲ್ಲಿ ನಿಲ್ಲಲಿಲ್ಲ. ಆದರೆ ಬೆಳಗಿನ ಎಂಟು ಹೆಜ್ಜೆ ನಿಲ್ಲಿಸಲೂ ಇಲ್ಲ. ಮೊದಲು ಯಾಕೆ ಅಳೆಯುತ್ತಿದ್ದ ಅನ್ನುವುದು ನನಗೆ ಅರ್ಥವಾಗುತ್ತದೆ. ನಿಜ ತಿಳಿದ ಮೇಲೂ ಯಾಕೆ ಅಳೆದ? ಕೇಳಲು ಧೈರ್ಯವಾಗಲಿಲ್ಲ. ಮುಂದಿನ ಮಳೆಗಾಲಕ್ಕೆ ಅವರು ಚಾಳು ಬಿಟ್ಟು ಹೋದರು. ಕೆಲವು ವರ್ಷಗಳಾದ ಮೇಲೆ ಅವನು ತೀರಿಕೊಂಡನೆಂದು ಸುದ್ದಿ ಬಂತು.

ಅದಾದ ಮೇಲೆಯೇ ಶುರುವಾದದ್ದು. ಉಪ್ಪಿನ ಗದ್ದೆಯ ಕಡೆಯ ಗೋಲಿನ ಮುಂದೆ ಬೆಳಗ್ಗೆ ಹಸಿಮಣ್ಣಿನಲ್ಲಿ ಹೆಜ್ಜೆ ಮೂಡಿರುತ್ತವೆ ಅಂದರು. ಅಪ್ಪ ಒಂದು ದಿನ ನೋಡಿಬಂದು, ಚಪ್ಪಲಿ ಬಿಚ್ಚದೆ ಒಳಗೆ ಬಂದು ಕೂತುಬಿಟ್ಟ. ನಾನೂ ಹೋಗಿ ನೋಡಿದೆ. ದೊಡ್ಡ ಬರಿಗಾಲು. ಗದ್ದೆಗೆ ಕೆಲಸಕ್ಕೆ ಹೋಗುವ ಯಾರದೋ ಇರಬೇಕು. ಆದರೆ ಕೆಲಸಕ್ಕೆ ಹೋಗುವವನು ಹೋಗುತ್ತಾನೆ, ಕಂಬದ ಬುಡದಲ್ಲಿ ನಿಂತು ತಿರುಗಿ ಬರುವುದಿಲ್ಲ. ಎಣಿಸಿದೆ. ಎಂಟಿದ್ದವು. ನಾನು ದೆವ್ವ ನಂಬುವವಳಲ್ಲ. ಎಂಟಿದ್ದವು, ಅಷ್ಟು ಹೇಳಬಲ್ಲೆ.

ಆಮೇಲೆ ಬಂದ ಗೋಲ್‌ಕೀಪರ್‌ಗಳು ಕಂಬದ ಬುಡಕ್ಕೆ ನಿಂಬೆಹಣ್ಣು ಇಟ್ಟೇ ನಿಲ್ಲುತ್ತಿದ್ದರು. ಅವನನ್ನು ತೆಗೆದುಹಾಕಿದ ಜನವೇ, ಅಂಥವನನ್ನು ಸೋಲಿಸಲು ಕಂಬವೇ ಸರಿಯಬೇಕಾಯಿತು ಅನ್ನತೊಡಗಿದರು. ಅಪ್ಪನೂ ಸಾಯುವ ತನಕ ಅದನ್ನೇ ಅಂದ. ಈಗಲೂ ವರ್ಷಕ್ಕೊಮ್ಮೆ ಮುದುಕರು ಮೈದಾನದ ಅಂಚಿಗೆ ಹೋಗಿ, ಖಾಲಿ ಗೋಲಿನ ಕಡೆ ಮುಖ ಮಾಡಿ, "ದರವಾಜಾ ಬಂದ್ ಹೈ," ಅಂತ ಕೂಗುತ್ತಾರೆ. ಹೋದ ಭಾನುವಾರ ಬಂದವರು ಅವರೇ. ಅವರಲ್ಲಿ ಇಬ್ಬರು ಅಂದು ನನ್ನ ಪಕ್ಕದಲ್ಲಿ ನಿಂತು ಕಾಕಾನ ಬಾಗಿಲ ಮುಂದೆ ಖುಲಾ ಹೈ ಅಂತ ಕೂಗಿದ ಹುಡುಗರು. ಚಿಕ್ಕವನು, "ಅಜ್ಜಿ, ಸಚ್ ಮೇ ಕಂಬ ಸರೀತಾ?" ಅಂತ ಅವರ ಮುಂದೆ ಕೇಳಿದಾಗ ನಾನು ಹೌದು, ನಿಜವಾಗಿಯೂ ಸರೀತು ಅಂದೆ. ಜನರ ವಿಷಯದಲ್ಲಿ ಕಾಕಾನ ಲೆಕ್ಕ ತಪ್ಪಿರಲಿಲ್ಲ. ಮತ್ತೆ ಬಂದ ಅವನ ಹೆಸರನ್ನು ಈಗ ನಾನು ಕೆಡಿಸಲಾರೆ. ನೀವೂ ಈ ಹಾಳೆಯನ್ನು ಅವರಿಗೆ ತೋರಿಸಬೇಡಿ. ಕಂಬಕ್ಕೂ ಹೆದರಬೇಡಿ.

ನಿಮ್ಮ ಘಾಟ್ಕೋಪರ್ ಮೈದಾನದಲ್ಲಿ ಹುಲ್ಲು ಪ್ಲಾಸ್ಟಿಕ್ಕಿನದು, ಸುತ್ತ ಜಾಲರಿ, ಎಲ್ಲರ ಕೈಯಲ್ಲೂ ಫೋನು. ಹೋದ ತಿಂಗಳು ದೊಡ್ಡವನ ಕಾಲಸಂದಿಯಿಂದ ಚೆಂಡು ನುಸುಳಿತಲ್ಲ, ಅವನು ಲಿಫ್ಟಿನಲ್ಲಿ ಮೇಲೆ ಬರುವಷ್ಟರಲ್ಲಿ ಇಡೀ ಬಿಲ್ಡಿಂಗ್ ಅದನ್ನು ನಾಲ್ಕು ಸಲ ನೋಡಿ ನಕ್ಕಿತ್ತು. ಅವನು ಬಾಗಿಲು ಹಾಕಿಕೊಂಡು ಅತ್ತ. ಆದರೆ ಮೂರನೆಯ ದಿನ ಎಲ್ಲರಿಗೂ ನಗಲು ಬೇರೆ ಏನೋ ಸಿಕ್ಕಿತ್ತು. ಅವನೂ ಚೆಂಡು ಹಿಡಿದು ಹೊರಗೆ ಹೋದ. ನನ್ನ ತಪ್ಪನ್ನು ಯಾರೂ ನೋಡಲಿಲ್ಲ. ನೋಡಿದ್ದರೆ ಅಪ್ಪನಿಂದ ಎರಡು ಏಟು ತಿಂದು, ಅತ್ತು, ಅವತ್ತೇ ನಿದ್ದೆ ಮಾಡಿರುತ್ತಿದ್ದೆ.