ಪರಿಚಯ ಮಾಡ್ಕೊಂಡು ಕೆಟ್ಟೆ

ಕೇಳ್ರಪ್ಪಾ, ಹೊಸ ಕೆಲಸಕ್ಕೆ ಸೇರಿದ ದಿನ ಬಾಯಿ ಮುಚ್ಕೊಂಡಿರಿ. ಇವತ್ತು ವೈಟ್‌ಫೀಲ್ಡ್ ಆಫೀಸಲ್ಲಿ ಮ್ಯಾನೇಜರ್ ಹೊಸಬರನ್ನೆಲ್ಲ ಸಾಲಾಗಿ ನಿಲ್ಲಿಸಿ, "ಹವ್ಯಾಸ, ಸಮಾಜಸೇವೆ, ಇಷ್ಟದ ಓದು ಹೇಳಿ ಪರಿಚಯ ಮಾಡ್ಕೊಳ್ಳಿ" ಅಂದ್ರು.

ನಾನೋ ಪೆದ್ದಿ. ರಂಗೋಲಿ ಹಾಕ್ತೀನಿ, ಪತ್ತೇದಾರಿ ಕಾದಂಬರಿ ಅಂದ್ರೆ ಪ್ರಾಣ, ಶನಿವಾರ ಪಟ್ಟಂದೂರು ಅಗ್ರಹಾರದ ಮಕ್ಕಳಿಗೆ ಕನ್ನಡ ಹೇಳ್ಕೊಡ್ತೀನಿ ಅಂತೆಲ್ಲ ಒದರಿಬಿಟ್ಟೆ.

"ಓ, ಶನಿವಾರ ಫ್ರೀ ಇರ್ತೀರಾ! ಹಾಗಾದ್ರೆ ವೀಕೆಂಡ್ ಡ್ಯೂಟಿ ನಿಮ್ಗೇ."

"ಸಾರ್, ಪಾಠ ಇದೆ ಅಂದ್ನಲ್ಲ?"

"ಅದು ಸಂಬಳ ಇಲ್ದಿರೋದು ತಾನೇ ಮೇಡಂ, ಅಡ್ಜಸ್ಟ್ ಮಾಡ್ಕೊಳ್ಳಿ."

ಪಕ್ಕದಲ್ಲಿ ನಿಂತಿದ್ದವನು ಇದನ್ನೆಲ್ಲ ನೋಡಿ, "ನಂಗೆ ಯಾವ್ದೂ ಇಲ್ಲ ಸಾರ್" ಅಂದ. ಅವನನ್ನ ಸುಮ್ನೆ ಬಿಟ್ರು.

ಮಕ್ಕಳಿಗೆ ಈ ವಾರ "ನನ್ನ ಪರಿಚಯ" ಬರ್ಕೊಂಡು ಬನ್ನಿ ಅಂದಿದ್ದೆ. ಖಾಲಿ ಹಾಳೆ ತಂದವ್ರಿಗೇ ಫುಲ್ ಮಾರ್ಕ್ಸು.