ಅಗರದವರ ನಂಬರು, ಮಾರ್ಟಳ್ಳಿಯ ಎದೆ

ಗೆಳೆಯರೇ, ಇವತ್ತು ಕೊಳ್ಳೇಗಾಲದ ನಮ್ಮ ಸ್ಕ್ಯಾನಿಂಗ್ ಸೆಂಟರ್‌ನಲ್ಲಿ ನಾನು ಕೂಗಾಡಿಬಿಟ್ಟೆ. ಸಂಜೆಯಾದರೂ ಸಿಟ್ಟು ಇಳಿದಿಲ್ಲ.

ಹೃದಯದ ಸ್ಕ್ಯಾನ್ ವಿಡಿಯೋಗಳು ಮೈಸೂರಿನ ಡಾಕ್ಟರಿಗೆ ಹೋಗುವ ಮೊದಲು ನಿಯಮದ ಪ್ರಕಾರ ಇವೆಯೇ ಎಂದು ನೋಡುವುದು ನನ್ನ ಕೆಲಸ. ಮಾರ್ಟಳ್ಳಿಯಿಂದ ಬಂದಿದ್ದ ಅಜ್ಜಿಯ ಫೈಲಿಗೆ ಕಂಪ್ಯೂಟರ್ ಕೆಂಪು ತೋರಿಸಿತು. ಒಂದು ಚಿತ್ರಕ್ಕೂ ಮುಂದಿನ ಚಿತ್ರಕ್ಕೂ ನಡುವೆ ಎಷ್ಟು ಸಮಯ ಎಂಬುದೇ ಅದರಲ್ಲಿರಲಿಲ್ಲ. ಅದು ತಪ್ಪಾದರೆ ನಿಧಾನವಾಗಿ ಬಡಿಯುವ ಹೃದಯವೂ ಓಡುವಂತೆ ಕಾಣುತ್ತದೆ. ಮತ್ತೆ ಸ್ಕ್ಯಾನ್ ಮಾಡಿ ಕೊಡು ಎಂದು ನಮ್ಮ ಟೆಕ್ನಿಷಿಯನ್ ಮಾದೇಶನಿಗೆ ಹೇಳಿದೆ. ಐದೇ ನಿಮಿಷದಲ್ಲಿ ಹಸಿರು ಬಂತು. ಅಜ್ಜಿ ಮಾತ್ರ ಹೊರಗಿನ ಬೆಂಚಿನಲ್ಲೇ ಕೂತಿದ್ದರು.

"ಹೇಗೆ ಸರಿಮಾಡಿದೆ ಮಾದೇಶ?"

"ನೆನ್ನೆ ಅಗರದವ್ರೊಬ್ರು ಬಂದಿದ್ರಲ್ಲ ಮೇಡಂ, ಅವ್ರ ಫೈಲಿಂದ ಆ ನಂಬರ್ ತಕಂಡು ಆಕ್ದೆ."

"ಅವರ ನಂಬರು ಇವರಿಗೆ ಹೇಗಪ್ಪಾ ಆಗುತ್ತೆ?"

"ಅಸ್ರು ಬಂತಲ್ಲ ಮೇಡಂ! ಅಸ್ರು ಬಂದ್ರೆ ಕಳ್ಸು ಅಂತ ನೀವೇ ಯೋಳಿದ್ದು."

ಹೌದು, ನಾನೇ ಹೇಳಿದ್ದೆ. ಅಷ್ಟು ಜೋರಾಗಿ ಕೂಗಿದ್ದು ಅದಕ್ಕೇ ಇರಬೇಕು. ನಂಬರಿನ ಜಾಗ ತುಂಬಿದೆಯೇ ಎಂದಷ್ಟೇ ಕಂಪ್ಯೂಟರ್ ನೋಡುತ್ತದೆ. ತುಂಬಿದ್ದು ನಿಜವೇ ಎಂದು ನೋಡಬೇಕಾದವಳು ನಾನು.

ಅಜ್ಜಿಯನ್ನು ಮತ್ತೆ ಮಲಗಿಸಿದೆವು. "ಯಾಕವ್ವಾ, ನನ್ ಎದೆ ಸರಿಗಿಲ್ವಾ?" ಎಂದು ನನ್ನ ಕೈ ಹಿಡಿದರು. ಏನು ಹೇಳಲಿ? ಎದೆ ನಿಮ್ಮದೇ ಅಜ್ಜಿ, ನಂಬರು ಮಾತ್ರ ಅಗರದವರದು ಅಂತಲೇ?

ಹಸಿರು ಕಂಡು ನಾನು ಇದುವರೆಗೆ ಕಳಿಸಿದ ಫೈಲುಗಳಲ್ಲಿ ಇನ್ನು ಯಾರ ಎದೆಗೆ ಯಾರ ನಂಬರು ಕೂತಿದೆಯೋ, ನಾಳೆ ಬೆಳಿಗ್ಗೆಯಿಂದ ಹುಡುಕಬೇಕು. ಅದಕ್ಕೆ ಕಂಪ್ಯೂಟರ್ ಯಾವ ಬಣ್ಣವನ್ನೂ ತೋರಿಸುವುದಿಲ್ಲ.